ಬಾವಿ ಮಡ್ ಕುಡಿಯುವ ಮೊದಲೇ: ಓದುಗರ ಪ್ರಶ್ನೆ, ನನ್ನ ಉತ್ತರ

ಎಣ್ಣೆ ಬಾವಿ ಕೊರೆಯುವ ಕೆಲಸದ ಬಗ್ಗೆ ಕೇಳಿ ಅಂತ ಹೋದ ಸಂಚಿಕೆಯಲ್ಲಿ ಹೇಳಿದ್ದೆ. ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ: ಕೊರೆಯುವಾಗ ಬಾವಿಗೆ ಬಿಡುವ ಕೆಸರಿನಂಥ ದ್ರವ, ಅಂದರೆ ಮಡ್, ನೆಲದೊಳಗೆ ಸೋರಿಹೋಗುವುದು. ನನಗೆ ಇದರಿಂದ ಖುಷಿಯಾಯಿತು. ನಾನು ಅರಸೀಕೆರೆ ಕಡೆಯವನು. 31 ವರ್ಷ ರಿಗ್‌ಗಳಲ್ಲಿ, ಅಂದರೆ ಬಾವಿ ಕೊರೆಯುವ ಯಂತ್ರಗಳಲ್ಲಿ, ಮಡ್ ಎಂಜಿನಿಯರ್ ಆಗಿದ್ದೆ. ಮುಂಬೈ ಸಮುದ್ರ, ಗುಜರಾತಿನ ಮೆಹಸಾಣಾ, ಅಸ್ಸಾಂನ ಶಿವಸಾಗರ, ಕೊನೆಗೆ ಕೊಲ್ಲಿ ದೇಶ. ಎಲ್ಲಿ ಹೋದರೂ ನನ್ನ ನಿದ್ದೆ ಕೆಡಿಸಿದ್ದು ಈ ಸೋರಿಕೆಯೇ.

ನಮ್ಮ ತೋಟದಲ್ಲಿ ಮೂರು ಬೋರ್ ಕೊರೆಸಿದ್ದೇನೆ. ಕಂಪ್ರೆಸರ್ ಗಾಳಿಗೇ ಕಲ್ಲಿನ ಪುಡಿ ಮೇಲೆ ಬಂತು. ಎಣ್ಣೆ ಬಾವಿಗೆ ಮಾತ್ರ ಕೆಸರು ಯಾಕೆ? ಅದು ಹೋದರೆ ಏನು ನಷ್ಟ? (ಚನ್ನರಾಯಪಟ್ಟಣದ ರೈತರೊಬ್ಬರು)

ನಮ್ಮ ಕಡೆ ನೆಲದಡಿ ಗಟ್ಟಿ ಬಂಡೆ. ಮೇಲಿನ ಸಡಿಲ ಮಣ್ಣಿಗೆ ಕೇಸಿಂಗ್ ಪೈಪ್ ಇಳಿಸಿದರೆ ಆಯ್ತು, ಕೆಳಗಿನ ತೂತು ತಾನಾಗೇ ನಿಲ್ಲುತ್ತದೆ. ಎಣ್ಣೆ ಸಿಗುವ ಜಾಗ ಹಾಗಲ್ಲ. ಅಲ್ಲಿ ಜೇಡಿ, ಮರಳುಕಲ್ಲು, ಸುಣ್ಣಕಲ್ಲು ಪದರ ಪದರವಾಗಿ ಕೂತಿರುತ್ತವೆ. ಅದರೊಳಗೆ ಒತ್ತಡದಲ್ಲಿರುವ ನೀರು, ಎಣ್ಣೆ, ಗ್ಯಾಸ್ ಇರುತ್ತದೆ. ಬರೀ ಗಾಳಿ ಬಿಟ್ಟು ಕೊರೆದರೆ ಗೋಡೆ ಕುಸಿಯುತ್ತದೆ, ಇಲ್ಲವೇ ಗ್ಯಾಸ್ ಮೇಲಕ್ಕೆ ನುಗ್ಗುತ್ತದೆ.

ಅದಕ್ಕೇ ಮಡ್. ಹೆಸರು ಕೆಸರು ಅಂತಿದ್ದರೂ ಅದು ಲೆಕ್ಕ ಹಾಕಿ ಕಲಸಿದ ದ್ರವ. ನೀರು ಅಥವಾ ಎಣ್ಣೆ, ಅದಕ್ಕೆ ಗಂಜಿಯ ಹದ ಕೊಡಲು ಕಛ್ ಕಡೆಯ ಬೆಂಟೋನೈಟ್ ಜೇಡಿ, ತೂಕ ಕೊಡಲು ಆಂಧ್ರದ ಮಂಗಂಪೇಟೆಯಿಂದ ಬರುವ ಬೆರೈಟ್ ಪುಡಿ. ಈ ಬೆರೈಟ್ ಮಾಮೂಲಿ ಕಲ್ಲಿನ ಒಂದೂವರೆ ಪಟ್ಟು ತೂಗುತ್ತದೆ. ಮಡ್ ಪೈಪಿನೊಳಗಿಂದ ಇಳಿದು, ತುದಿಯಲ್ಲಿ ಕಲ್ಲು ಕೊರೆಯುವ ಬಿಟ್‌ನ ತೂತುಗಳಿಂದ ಚಿಮ್ಮಿ, ಪೈಪಿಗೂ ಬಾವಿ ಗೋಡೆಗೂ ನಡುವಿನ ಸಂದಿನಲ್ಲಿ ಕಲ್ಲಿನ ಚೂರು ಹೊತ್ತು ಮೇಲೆ ಬರುತ್ತದೆ. ಮೇಲೆ ಅಲುಗಾಡುವ ಜರಡಿ ಇರುತ್ತದೆ, ನಾವು ಶೇಕರ್ ಅನ್ನುತ್ತೇವೆ. ಅಲ್ಲಿ ಚೂರು ಬೇರೆಯಾಗಿ ಮಡ್ ತೊಟ್ಟಿಗೆ ಬೀಳುತ್ತದೆ. ತೊಟ್ಟಿಯಿಂದ ಮತ್ತೆ ಬಾವಿಗೆ.

ಈ ಮಡ್‌ನ ಭಾರವೇ ಕೆಳಗಿನ ಗ್ಯಾಸನ್ನು ಅಮುಕಿ ಹಿಡಿಯುವುದು. ಲೆಕ್ಕ ಸುಲಭ. ನೀರಿಗಿಂತ 1.20 ಪಟ್ಟು ತೂಕದ ಮಡ್ 3,000 ಮೀಟರ್ ಬಾವಿಯಲ್ಲಿ ತುಂಬಿದ್ದರೆ ತಳದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ 360 ಕೆಜಿ ಒತ್ತಡ. ಕಾರಿನ ಟೈರಿನ ಗಾಳಿಗಿಂತ ಸುಮಾರು ನೂರೈವತ್ತು ಪಟ್ಟು. ಈಗ ಆ ಮಡ್ ಯಾವುದೋ ಬಿರುಕಿನಲ್ಲಿ ಹರಿದುಹೋಗಿ ಬಾವಿಯ ಮಟ್ಟ 500 ಮೀಟರ್ ಕೆಳಗಿಳಿಯಿತು ಅನ್ನಿ. ತಳದಲ್ಲಿ 60 ಕೆಜಿ ಒತ್ತಡ ಒಂದೇ ಸಲ ಕಮ್ಮಿ. ಸುಮ್ನೆ ಕೂತಿದ್ದ ಗ್ಯಾಸ್ ಆಗ ಏಳುತ್ತದೆ. ಮಡ್‌ನ ದುಡ್ಡು ಹೋಯ್ತು ಅನ್ನುವುದಕ್ಕಿಂತ ಈ ನಷ್ಟ ದೊಡ್ಡದು.

ಸುಣ್ಣಕಲ್ಲಿನಲ್ಲೇ ಮಡ್ ಜಾಸ್ತಿ ಹೋಗುತ್ತದೆ ಅಂತ ಓದಿದ್ದೇನೆ. ಮೊದಲೇ ಇದ್ದ ಬಿರುಕು, ನಾವೇ ಮಾಡಿದ ಬಿರುಕು ಅನ್ನುವ ವ್ಯತ್ಯಾಸ ಕೆಲಸದಲ್ಲಿ ಹೇಗೆ ಗೊತ್ತಾಗುತ್ತದೆ? (ಧಾರವಾಡದ ಭೂವಿಜ್ಞಾನ ವಿದ್ಯಾರ್ಥಿನಿ)

ಒಳ್ಳೆಯ ಪ್ರಶ್ನೆ. ಸುಣ್ಣಕಲ್ಲು ನೀರಿಗೆ ಕರಗುವ ಕಲ್ಲು. ಲಕ್ಷಾಂತರ ವರ್ಷ ನೀರು ಹರಿದು ಒಳಗೆ ಪೊಟರೆಗಳಾಗಿರುತ್ತವೆ, ಕೆಲವು ಕಡೆ ಗುಹೆಯೇ ಇರುತ್ತದೆ. ಬಿಟ್ ಅಂಥ ಜಾಗ ಮುಟ್ಟಿದ ಕ್ಷಣ ಮಡ್ ಹೋಗಲು ಶುರು. ಕೆಲವೊಮ್ಮೆ ಬಿಟ್ ಒಂದು ಗೇಣು ದಢಕ್ಕನೆ ಕೆಳಗೆ ಬೀಳುತ್ತದೆ. ಅದು ಮೊದಲೇ ಇದ್ದ ದಾರಿ.

ಎರಡನೆಯದು ನಾವೇ ಒಡೆದ ದಾರಿ. ಪ್ರತಿ ಪದರಕ್ಕೂ ಒಂದು ತಾಳಿಕೆ ಇದೆ. ಮಡ್ ಒತ್ತಡ ಅದಕ್ಕಿಂತ ಮೇಲೆ ಹೋದರೆ ಕಲ್ಲು ಸೀಳುತ್ತದೆ. ಇದು ಹೊಸ ಕಲ್ಲು ಕೊರೆದಾಗಲೇ ಆಗಬೇಕಿಲ್ಲ. ಪೈಪ್ ಇಳಿಸುವಾಗ, ಪಂಪ್ ಶುರು ಮಾಡುವಾಗ, ತೂಕ ಏರಿಸಿದ ಮೇಲೆ ಮಡ್ ಹೋದರೆ ಮೊದಲು ನಮ್ಮ ಕೈಕೆಲಸವನ್ನೇ ಅನುಮಾನಿಸಬೇಕು. ಬಿಟ್ ತಳದಲ್ಲಿದೆ ಅಂದ ಮಾತ್ರಕ್ಕೆ ಸೋರುವ ಜಾಗವೂ ತಳವೇ ಅಂದುಕೊಳ್ಳಬೇಡಿ. ನಾವು ಸೀಳಿದ್ದಾದರೆ ಎಷ್ಟೋ ಸಲ ಅದು ಮೇಲೆ, ಕೇಸಿಂಗ್ ಮುಗಿಯುವ ಶೂ ಹತ್ತಿರ ಇರುತ್ತದೆ. ಅಲ್ಲಿನ ಕಲ್ಲು ಕೆಳಗಿನದಕ್ಕಿಂತ ಬಡವಾಗಿರುವುದೇ ಜಾಸ್ತಿ.

ಹಾಗಾಗಿ ಕೇಸಿಂಗ್ ಕೂರಿಸಿ ಸಿಮೆಂಟ್ ಹಾಕಿ, ಶೂ ದಾಟಿ ಕೆಲವು ಮೀಟರ್ ಕೊರೆದ ಕೂಡಲೇ ಒಂದು ಪರೀಕ್ಷೆ ಮಾಡುತ್ತೇವೆ. ಬಾವಿ ಬಾಯಿ ಮುಚ್ಚಿ, ನಿಧಾನಕ್ಕೆ ಮಡ್ ತಳ್ಳುತ್ತಾ ಒತ್ತಡವನ್ನು ಗ್ರಾಫಿನಲ್ಲಿ ಬರೆಯುತ್ತೇವೆ. ಗೆರೆ ನೇರ ಏರುತ್ತಾ ಹೋಗಿ ಒಂದು ಕಡೆ ಬಾಗುತ್ತದೆ. ಅಲ್ಲಿ ಕಲ್ಲು ಮಡ್ ಒಳಗೆ ಬಿಟ್ಟುಕೊಳ್ಳಲು ಶುರು ಮಾಡಿದೆ ಅಂತ. ಇದೇ ಲೀಕ್-ಆಫ್ ಟೆಸ್ಟ್. ಆ ಅಂಕಿಯೇ ಮುಂದಿನ ಕೊರೆತಕ್ಕೆ ಮೇಲಿನ ಮಿತಿ. ಕೆಳಗಿನ ಮಿತಿ ಅಂದರೆ ಪದರದೊಳಗಿನ ಗ್ಯಾಸ್, ನೀರಿನ ಒತ್ತಡ. ನಮ್ಮ ಮಡ್ ಈ ಎರಡರ ನಡುವೆಯೇ ಇರಬೇಕು.

ಹಳೆಯ ಫೀಲ್ಡ್‌ಗಳಲ್ಲಿ ಈ ನಡುವಿನ ಜಾಗ ಕಿರಿದಾಗುತ್ತಾ ಹೋಗುತ್ತದೆ. ಮುಂಬೈ ಹೈ ಸಿಕ್ಕಿದ್ದು 1974ರಲ್ಲಿ. 1976ರಿಂದ ಅಲ್ಲಿ ಎಣ್ಣೆ ತೆಗೆಯುತ್ತಿದ್ದಾರೆ. ಮುಖ್ಯ ಪದರ ಸುಣ್ಣಕಲ್ಲೇ. ಎಣ್ಣೆ ತೆಗೆದಂತೆಲ್ಲ ಕಲ್ಲಿನೊಳಗಿನ ಒತ್ತಡ ಇಳಿಯುತ್ತದೆ, ಜೊತೆಗೆ ಕಲ್ಲಿನ ತಾಳಿಕೆಯೂ ಇಳಿಯುತ್ತದೆ. ಹಳೇ ಬಾವಿಯ ಪಕ್ಕದಲ್ಲೇ ಹೊಸ ಬಾವಿ ಕೊರೆಯುವಾಗ ಹಳೆಯ ತೂಕದ ಮಡ್ ನಡೆಯುವುದಿಲ್ಲ. ಅಕ್ಕಪಕ್ಕದ ಬಾವಿಗಳ ದಿನವಹಿ ವರದಿ ಓದುವ ಅಭ್ಯಾಸ ಈಗಿನಿಂದಲೇ ಮಾಡಿಕೊಳ್ಳಿ. ಯಾವ ಆಳದಲ್ಲಿ ಎಷ್ಟು ಬ್ಯಾರಲ್ ಹೋಯ್ತು ಅಂತ ಹಿಂದಿನವರು ಬರೆದಿಟ್ಟಿರುತ್ತಾರೆ.

ಮುಂದಿನ ತಿಂಗಳು ರಿಗ್‌ಗೆ ಮಡ್ ಎಂಜಿನಿಯರ್ ಟ್ರೇನಿಯಾಗಿ ಹೋಗುತ್ತಿದ್ದೇನೆ. ಸೋರಿಕೆ ಬರದ ಹಾಗೆ ನೋಡಿಕೊಳ್ಳಲು ನನ್ನಂಥ ಹೊಸಬ ಏನು ಮಾಡಬಹುದು? (ಬಳ್ಳಾರಿಯ ಯುವಕ)

ತಮ್ಮಾ, ನಿನಗೆ ನನ್ನದೇ ಒಂದು ರಾತ್ರಿಯ ಕತೆ ಹೇಳುತ್ತೇನೆ. ನನ್ನ ಎರಡನೇ ವರ್ಷ. ಮುಂಬೈ ಪಶ್ಚಿಮಕ್ಕೆ, ಸಮುದ್ರದಲ್ಲಿ ಕಾಲೂರಿ ನಿಲ್ಲುವ ಜಾಕ್‌ಅಪ್ ರಿಗ್. ಬಾವಿ ಸುಮಾರು 1,400 ಮೀಟರ್ ಆಳಕ್ಕೆ, ಸುಣ್ಣಕಲ್ಲಿಗೆ ಬಂದಿತ್ತು. ಮಡ್ ತೂಕ 1.12 ಇರಬೇಕಿತ್ತು. ಬಿಟ್ ಬದಲಾಯಿಸಲು ಪೈಪ್ ಎಲ್ಲ ಎಳೆದು ಮತ್ತೆ ಇಳಿಸುತ್ತಿದ್ದರು. ಆಗಲೇ ಒಂದು ದಿನ ತಡವಾಗಿದೆ ಅಂತ ಎಲ್ಲರಿಗೂ ಅವಸರ.

ಪೈಪ್ ದಡಬಡನೆ ಇಳಿಯಿತು. ತಳ ಹತ್ತಿರವಾದ ಕೂಡಲೇ ಎರಡೂ ಪಂಪ್ ಪೂರ್ತಿ ವೇಗಕ್ಕೆ ಶುರು ಮಾಡಿದರು. ನಾನು ಶೇಕರ್ ಹತ್ತಿರ ನಿಂತಿದ್ದೆ. ಮಡ್ ದಪ್ಪ ಧಾರೆಯಾಗಿ ಬಂತು. ಧಾರೆ ತೆಳ್ಳಗಾಯಿತು, ಆಮೇಲೆ ನಿಂತೇ ಹೋಯಿತು. ಜರಡಿ ಖಾಲಿ ಗಡಗಡ ಅಲುಗಾಡುವ ಸದ್ದು ಮಾತ್ರ. ಆ ಸದ್ದು ಇವತ್ತಿಗೂ ಕಿವಿಯಲ್ಲಿದೆ. ತೊಟ್ಟಿ ನೋಡಿದರೆ ಹತ್ತು ನಿಮಿಷದಲ್ಲಿ 40 ಬ್ಯಾರಲ್ ಮಾಯ. ಒಂದು ಬ್ಯಾರಲ್ ಅಂದರೆ 159 ಲೀಟರ್, ಅಂದರೆ ನಮ್ಮೂರಿಗೆ ಬರುವ ನೀರಿನ ಟ್ಯಾಂಕರ್ ಒಂದಕ್ಕಿಂತ ಜಾಸ್ತಿ.

ರಿಗ್‌ನ ಉಸ್ತುವಾರಿ ನೋಡುವ ಟೂಲ್‌ಪುಷರ್ ಅನುಭವಸ್ಥರು. ಪಂಪ್ ನಿಲ್ಲಿಸಿದರು. ಪೈಪನ್ನು ಶೂ ಒಳಗೆ ಎಳೆಸಿದರು. ಸಂದಿಗೆ ಮೇಲಿನಿಂದ ನೀರು ತುಂಬುತ್ತಾ ಎಷ್ಟು ಹಿಡಿಯಿತು ಅಂತ ಎಣಿಸಲು ನನ್ನನ್ನೇ ನಿಲ್ಲಿಸಿದರು. ಆರು ಗಂಟೆ ಏನೂ ಮಾಡದೆ ಕಾದೆವು. ಸೀಳಿದ ಕಲ್ಲಿಗೆ ಬಿಡುವು ಕೊಟ್ಟರೆ ಎಷ್ಟೋ ಸಲ ತಾನೇ ಮುಚ್ಚಿಕೊಳ್ಳುತ್ತದೆ. ಬೆಳಗ್ಗೆ 50 ಬ್ಯಾರಲ್ ಪಿಲ್, ಅಂದರೆ ಬಿರುಕು ಮುಚ್ಚುವ ಚೂರು ಕಲಸಿದ ದಪ್ಪ ಮಡ್ ಬಿಟ್ಟು, ಒಂದೇ ಪಂಪಿನಲ್ಲಿ ಮೆಲ್ಲಗೆ ಶುರು ಮಾಡಿದಾಗ ಮಡ್ ವಾಪಸ್ ಬಂತು.

ಆಮೇಲೆ ಅವರು ನನ್ನನ್ನು ಶೇಕರ್ ಹತ್ತಿರ ಕರೆದುಕೊಂಡು ಹೋಗಿ ಜರಡಿಯ ಒಂದು ಮೂಲೆ ತೋರಿಸಿದರು. ಅಂಗೈ ಅಗಲ ಹರಿದಿತ್ತು. ಎರಡು ದಿನದಿಂದ ಕೊರೆದ ಸಣ್ಣ ಚೂರೆಲ್ಲ ಅಲ್ಲಿಂದ ಮಡ್‌ಗೆ ಸೇರುತ್ತಿತ್ತು. ಬೆರಳ ನಡುವೆ ಮಡ್ ಉಜ್ಜಿದರೆ ಮರಳು ಬಿದ್ದ ಹಿಟ್ಟಿನ ಹಾಗೆ ಕರಕರ. ತೂಕ 1.12ರಿಂದ 1.16ಕ್ಕೆ ಏರಿತ್ತು. ನಾನು ಅದನ್ನು ರಿಪೋರ್ಟಿನಲ್ಲಿ ಬರೆದೂ ಇದ್ದೆ, ತೂಕ ಜಾಸ್ತಿ ಇದ್ದರೆ ಕ್ಷೇಮವೇ ಅಲ್ವಾ ಅಂತ ಬಿಟ್ಟಿದ್ದೆ. 1,400 ಮೀಟರಿಗೆ ಆ 0.04 ಅಂದರೆ ಐದೂವರೆ ಕೆಜಿಗಿಂತ ಹೆಚ್ಚಿನ ಒತ್ತಡ. ಅದರ ಮೇಲೆ ಪೈಪ್ ಇಳಿಸಿದ ರಭಸ, ಅದರ ಮೇಲೆ ಪಂಪ್. ಮೂರೂ ಸೇರಿ ಕಲ್ಲು ಸೀಳಿತು.

ಅದಕ್ಕೇ ನಿನಗೆ ಹೇಳುವುದು, ಸೋರಿಕೆ ತಡೆಯುವ ಕೆಲಸ ಸೋರುವುದಕ್ಕಿಂತ ಎರಡು ದಿನ ಮೊದಲು ಶುರುವಾಗುತ್ತದೆ. ಶೇಕರ್ ಜರಡಿಯನ್ನು ಶಿಫ್ಟಿಗೆ ನಾಲ್ಕು ಸಲ ಟಾರ್ಚ್ ಹಿಡಿದು ನೋಡು. ಹರಿದಿದ್ದರೆ ಆಗಲೇ ಬದಲಾಯಿಸು, ಶಿಫ್ಟ್ ಮುಗಿಯಲಿ ಅನ್ನಬೇಡ. ಬಾವಿಗೆ ಹೋಗುವ ಮಡ್ ತೂಕ, ಬಾವಿಯಿಂದ ಬರುವ ಮಡ್ ತೂಕ ಎರಡನ್ನೂ ನೀನೇ ಮಡ್ ಬ್ಯಾಲೆನ್ಸ್ ಅನ್ನುವ ತಕ್ಕಡಿಯಲ್ಲಿ ತೂಗು. ಬಟ್ಟಲನ್ನು ಒರೆಸಿ, ಗಾಳಿ ಗುಳ್ಳೆ ಹೋಗುವವರೆಗೆ ತಟ್ಟಿ ತೂಗು. ಗುಳ್ಳೆ ಇದ್ದರೆ ತೂಕ ಕಮ್ಮಿ ತೋರಿಸಿ ಮೋಸ ಮಾಡುತ್ತದೆ.

ನಿಂತ ಮಡ್ ಮೊಸರಿನ ಹಾಗೆ ಹೆಪ್ಪುಗಟ್ಟುತ್ತದೆ. ಅದು ಇರಬೇಕಾದ ಗುಣವೇ, ಇಲ್ಲದಿದ್ದರೆ ಚೂರೆಲ್ಲ ತಳಕ್ಕೆ ಕೂರುತ್ತದೆ. ಹೆಪ್ಪು ಗಟ್ಟಿಯಾದರೆ ಮಾತ್ರ ಅದನ್ನು ಒಡೆಯಲು ಪಂಪ್ ಕೊಡುವ ಏಟು ನೇರ ಕಲ್ಲಿಗೆ ಬೀಳುತ್ತದೆ. ಆದ್ದರಿಂದ ಮೊದಲು ಪೈಪ್ ತಿರುಗಿಸಬೇಕು, ಆಮೇಲೆ ಒಂದು ಪಂಪ್, ಅದೂ ಮೆಲ್ಲಗೆ, ಮಡ್ ವಾಪಸ್ ಬಂದಮೇಲೆ ಏರಿಸಬೇಕು. ಪೈಪ್ ಇಳಿಸುವಾಗ ಅರ್ಧ ದಾರಿಯಲ್ಲಿ ಒಂದೆರಡು ಕಡೆ ನಿಂತು ಮಡ್ ತಿರುಗಿಸಬೇಕು. ಡ್ರಿಲ್ಲರ್‌ಗೆ ಇದನ್ನು ಹೇಳಲು ಹೊಸಬನಿಗೆ ಸಂಕೋಚ ಆಗುತ್ತದೆ, ಗೊತ್ತು. ಆದರೂ ಹೇಳು. ಒಳ್ಳೆಯ ಡ್ರಿಲ್ಲರ್ ಕೇಳುತ್ತಾನೆ.

ಪಂಪ್ ಓಡುವಾಗ ಸಂದಿನ ಉಜ್ಜಾಟಕ್ಕೇ ತಳದ ಒತ್ತಡ ಏರುತ್ತದೆ. ತೂಗಿದಾಗ 1.12 ಇದ್ದ ಮಡ್ ಕೆಳಗಿನ ಕಲ್ಲಿಗೆ 1.15ರ ಹಾಗೆ ತಾಗಬಹುದು. ಇದಕ್ಕೆ ಈಸಿಡಿ ಅನ್ನುತ್ತೇವೆ. ಸಂದಿನಲ್ಲಿ ಚೂರು ತುಂಬಿಕೊಂಡರೆ ಇನ್ನೂ ಏರುತ್ತದೆ. ಹಾಗಾಗಿ ಬೇಗ ಬೇಗ ಕೊರೆದು ಚೂರು ಹೊರಬರಲು ಬಿಡದೇ ಇದ್ದರೆ ಉಳಿಸಿದ ಎರಡು ಗಂಟೆಗೆ ಎರಡು ದಿನ ಕೊಡಬೇಕಾಗುತ್ತದೆ.

ಇನ್ನೊಂದು ಸೂಕ್ಷ್ಮ. ಪಂಪ್ ಓಡುವಾಗ ತೊಟ್ಟಿ ಮೆಲ್ಲಗೆ ಇಳಿಯುತ್ತದೆ, ನಿಲ್ಲಿಸಿದರೆ ಬಾವಿ ಮಡ್ ವಾಪಸ್ ಕೊಡುತ್ತದೆ. ಬಾವಿ ಉಸಿರಾಡುತ್ತಿದೆ ಅನ್ನುತ್ತೇವೆ. ಸಣ್ಣ ಸೀಳುಗಳು ಒತ್ತಡಕ್ಕೆ ಬಾಯಿ ತೆರೆದು, ಒತ್ತಡ ಹೋದಾಗ ಮುಚ್ಚಿಕೊಳ್ಳುವುದರಿಂದ ಹೀಗಾಗುತ್ತದೆ. ಇದನ್ನು ಗ್ಯಾಸ್ ಬಂತು ಅಂದುಕೊಂಡು ಬೆರೈಟ್ ಸುರಿದು ತೂಕ ಏರಿಸಿದರೆ ಸೀಳು ದೊಡ್ಡದಾಗುತ್ತದೆ. ಹಾಗಂತ ಉಸಿರಾಟ ಅಂದುಕೊಂಡು ನಿಜವಾದ ಗ್ಯಾಸನ್ನು ಬಿಟ್ಟರೆ ಪ್ರಾಣಕ್ಕೇ ಬರುತ್ತದೆ. ಪ್ರತಿ ಸಲ ಪಂಪ್ ನಿಂತಾಗ ಎಷ್ಟು ಬ್ಯಾರಲ್ ಬಂತು, ಎಷ್ಟು ನಿಮಿಷಕ್ಕೆ ನಿಂತಿತು ಅಂತ ಬರೆದಿಡು. ಉಸಿರಾಟವಾದರೆ ಹರಿವು ಬರಬರುತ್ತಾ ಕಮ್ಮಿಯಾಗುತ್ತದೆ. ಗ್ಯಾಸ್ ಆದರೆ ಜಾಸ್ತಿಯಾಗುತ್ತದೆ. ಅನುಮಾನ ಇದ್ದರೆ ಬಾವಿ ಮುಚ್ಚಿಸಿ ಆಮೇಲೆ ಯೋಚಿಸುವುದು.

ಎಣ್ಣೆ ಬಾವಿಗೆ ತೆಂಗಿನ ನಾರು ಹಾಕುತ್ತಾರಂತೆ, ಹೌದೇ? (ತಿಪಟೂರಿನ ಓದುಗರು)

ಹೌದು. ಶಿವಸಾಗರದ ಒಂದು ರಿಗ್‌ನ ಗೋದಾಮಿನಲ್ಲಿ ಮೊದಲ ಸಲ ಆ ಚೀಲ ಬಿಚ್ಚಿದಾಗ ನಮ್ಮ ತೋಟದ ವಾಸನೆ ಬಂದು ಒಂದು ಕ್ಷಣ ಸುಮ್ನೆ ನಿಂತುಬಿಟ್ಟೆ. ನಾರಷ್ಟೇ ಅಲ್ಲ, ಅಕ್ರೋಟಿನ ಚಿಪ್ಪಿನ ನುಚ್ಚು, ಅಭ್ರಕದ ಚೂರು, ಹತ್ತಿಬೀಜದ ಸಿಪ್ಪೆ, ಮರದ ಹೊಟ್ಟು, ಅಮೃತಶಿಲೆಯ ಪುಡಿ, ಗ್ರಾಫೈಟ್ ಎಲ್ಲ ಬಳಸುತ್ತಾರೆ. ಒಟ್ಟಾಗಿ ಇವಕ್ಕೆ ಎಲ್‌ಸಿಎಂ ಅನ್ನುತ್ತೇವೆ. ಇವನ್ನು ದಪ್ಪ ಮಡ್‌ನಲ್ಲಿ ಕಲಸಿ ಒಂದು ಪಾಲು ಮಾಡಿ ಬಿಟ್ಟರೆ ಅದೇ ಪಿಲ್.

ಅಡುಗೆಮನೆಯಲ್ಲೇ ಮಾಡಿ ನೋಡಿ. ಬೂಂದಿ ಕರಿಯುವ ಸೌಟು ತಗೊಳ್ಳಿ. ತೆಳ್ಳನೆ ಗಂಜಿಯಲ್ಲಿ ಬರೀ ಚಿರೋಟಿ ರವೆ ಕಲಸಿ ಸುರಿದರೆ ಎಲ್ಲ ಇಳಿದುಹೋಗುತ್ತದೆ. ಬರೀ ಹೆಸರುಕಾಳು ಹಾಕಿದರೆ ಕಾಳು ತೂತಿಗೆ ಅಡ್ಡ ಕೂರುತ್ತದೆ, ಗಂಜಿ ಮಾತ್ರ ಪಕ್ಕದಿಂದ ಸೋರುತ್ತದೆ. ಹೆಸರುಕಾಳು, ಅಕ್ಕಿ ನುಚ್ಚು, ರವೆ ಮೂರನ್ನೂ ಕಲಸಿ ಸುರಿಯಿರಿ. ಕಾಳಿನ ಸಂದಿಗೆ ನುಚ್ಚು, ನುಚ್ಚಿನ ಸಂದಿಗೆ ರವೆ ಕೂತು ಸೋರುವುದು ಹನಿಗೆ ಬರುತ್ತದೆ. ಜೊತೆಗೆ ನಾಲ್ಕು ಎಳೆ ನಾರು ಇದ್ದರೆ ಈ ಕಟ್ಟೆ ಕದಲುವುದಿಲ್ಲ. ಬಾವಿಯಲ್ಲಿ ಆಗುವುದೂ ಇದೇ. ಕಲ್ಲಿನ ತೂತು ಮುಚ್ಚಬೇಕಾದರೆ ಕಾಳಿನ ದಪ್ಪ ಕನಿಷ್ಠ ತೂತಿನ ಮೂರನೇ ಒಂದು ಪಾಲು ಇರಬೇಕು ಅನ್ನುವ ಹಳೆಯ ಲೆಕ್ಕ ಇದೆ. ಸೀಳಾದರೆ ಇನ್ನೂ ದಪ್ಪ ಕಾಳು ಬೇಕು.

ಎರಡು ಎಚ್ಚರಿಕೆ. ಬಿಟ್‌ನ ತೂತು, ಅದರ ಮೇಲಿನ ಅಳತೆ ಉಪಕರಣ ಸಣ್ಣವು. ದಪ್ಪ ನುಚ್ಚು, ಉದ್ದ ನಾರು ಅಲ್ಲೇ ಸಿಕ್ಕಿ ಪೈಪ್ ಕಟ್ಟಿಕೊಂಡರೆ ಹೊಸ ತಲೆನೋವು. ಎರಡನೆಯದು, ಎಣ್ಣೆ ಇರುವ ಪದರದಲ್ಲೇ ಸೋರುತ್ತಿದ್ದರೆ ಅಭ್ರಕ ಹಾಕಿದರೆ ಎಣ್ಣೆ ಬರುವ ದಾರಿಯೂ ಮುಚ್ಚಿಹೋಗುತ್ತದೆ. ಅಲ್ಲಿ ಅಮೃತಶಿಲೆ ಪುಡಿಯೇ ಸರಿ, ಆಮೇಲೆ ಆ್ಯಸಿಡ್ ಬಿಟ್ಟು ಕರಗಿಸಬಹುದು. ಸೋರುವ ಪದರ ಮುಟ್ಟುವ ಮೊದಲೇ ಈ ಪುಡಿಯನ್ನು ಸ್ವಲ್ಪ ಸ್ವಲ್ಪ ಮಡ್‌ನಲ್ಲಿ ಇಟ್ಟುಕೊಂಡು ಕೊರೆಯುವುದು ನನಗೆ ತುಂಬ ಹಿಡಿಸಿದ ಕ್ರಮ. ಸಣ್ಣ ಸೀಳು ಹುಟ್ಟಿದಲ್ಲೇ ಮುಚ್ಚಿಹೋಗುತ್ತದೆ.

2010ರ ಮೆಕ್ಸಿಕೊ ಕೊಲ್ಲಿ ದುರಂತಕ್ಕೂ ಮಡ್ ಸೋರಿಕೆಗೂ ಸಂಬಂಧ ಇದೆಯೇ? (ಮೈಸೂರಿನ ನಿವೃತ್ತ ಅಧ್ಯಾಪಕರು)

ಸೋರಿಕೆಯೊಂದೇ ಕಾರಣ ಅಲ್ಲ, ಆದರೆ ನೆರಳು ಇದೆ. ಆ ದುರಂತ ನಡೆದ ಮಕಾಂಡೊ ಬಾವಿಯನ್ನು 20,200 ಅಡಿಗೆ ಒಯ್ಯಬೇಕು ಅಂತಿತ್ತು. ಏಪ್ರಿಲ್ 9ರಂದು 18,193 ಅಡಿಯಲ್ಲಿ ಮಡ್ ಹೋಯಿತು. 172 ಬ್ಯಾರಲ್ ಪಿಲ್ ಬಿಟ್ಟು ನಿಲ್ಲಿಸಿದರು. ಮೇಲಿನ ಮಿತಿಗೂ ಕೆಳಗಿನ ಮಿತಿಗೂ ನಡುವೆ ಜಾಗವೇ ಉಳಿದಿರಲಿಲ್ಲ. 18,360 ಅಡಿಗೇ ಕೊರೆತ ಮುಗಿಸಿದರು. ಮತ್ತೆ ಸೋರೀತು ಅನ್ನುವ ಭಯದಲ್ಲೇ ಸಿಮೆಂಟ್ ಹಾಕುವಾಗ ನೊರೆ ಬೆರೆಸಿದ ಹಗುರ ಸಿಮೆಂಟನ್ನು ಕಮ್ಮಿ ವೇಗದಲ್ಲಿ ಬಿಟ್ಟರು. ಆ ಸಿಮೆಂಟ್ ಗ್ಯಾಸ್ ತಡೆಯಲಿಲ್ಲ. ಏಪ್ರಿಲ್ 20ರ ರಾತ್ರಿ ಹನ್ನೊಂದು ಜನ ಹೋದರು. ಅವರಲ್ಲಿ ಇಬ್ಬರು ನನ್ನ ಹಾಗೆ ಮಡ್ ಎಂಜಿನಿಯರುಗಳು.

ನನ್ನ ಗಂಡ ಕುವೈತಿನಲ್ಲಿ ರಿಗ್ ಕೆಲಸದಲ್ಲಿದ್ದಾರೆ. ಮೊನ್ನೆ ರಾತ್ರಿ ಫೋನಿನಲ್ಲಿ ‘ಟೋಟಲ್ ಲಾಸ್ ಆಗಿದೆ, ಆಮೇಲೆ ಮಾತಾಡ್ತೀನಿ’ ಅಂತ ಇಟ್ಟುಬಿಟ್ಟರು. ನನಗೆ ರಾತ್ರಿಯೆಲ್ಲ ನಿದ್ದೆ ಇಲ್ಲ. ಅಷ್ಟು ಅಪಾಯವೇ? (ಉಡುಪಿಯ ಗೃಹಿಣಿ)

ಅಮ್ಮಾ, ಮೊದಲು ಆ ಮಾತಿನ ಅರ್ಥ ಹೇಳುತ್ತೇನೆ. ಗಂಟೆಗೆ ಹತ್ತು ಬ್ಯಾರಲ್ ಒಳಗೆ ಹೋದರೆ ಅದನ್ನು ಬರೀ ಜಿನುಗು ಅನ್ನುತ್ತೇವೆ. ಅದಕ್ಕಿಂತ ಜಾಸ್ತಿಯಾದರೆ ಭಾಗಶಃ, ಇನ್ನೂ ಜಾಸ್ತಿಯಾದರೆ ತೀವ್ರ. ಬಿಟ್ಟ ಮಡ್ ಒಂದು ಹನಿಯೂ ವಾಪಸ್ ಬರದಿದ್ದರೆ ಟೋಟಲ್ ಲಾಸ್. ಯಾರಿಗೋ ಏನೋ ಆಯಿತು ಅನ್ನುವ ಅರ್ಥ ಅದರಲ್ಲಿ ಇಲ್ಲ.

ಕುವೈತ್, ದಕ್ಷಿಣ ಇರಾಕ್ ಕಡೆ ದಮ್ಮಾಮ್ ಅನ್ನುವ ಸುಣ್ಣಕಲ್ಲಿನ ಪದರ ಇದೆ. ಅದು ಮೇಲ್ಮೇಲೆಯೇ ಸಿಗುತ್ತದೆ, ತುಂಬ ಪೊಟರೆ. ಅಲ್ಲಿ ಮಡ್ ಪೂರ್ತಿ ಹೋಗುವುದು ರಿಗ್‌ನವರಿಗೆ ಹೊಸದಲ್ಲ, ಅದಕ್ಕೆ ತಯಾರಾಗಿಯೇ ಕೊರೆಯುತ್ತಾರೆ. ಪಿಲ್ ಬಿಡುತ್ತಾರೆ. ನಿಲ್ಲದಿದ್ದರೆ ಸಿಮೆಂಟ್ ಬಿಟ್ಟು ಗಟ್ಟಿಯಾಗಲು ಕಾಯುತ್ತಾರೆ. ಡೀಸೆಲ್‌ನಲ್ಲಿ ಬೆಂಟೋನೈಟ್ ಕಲಸಿ ಬಿಡುವುದೂ ಉಂಟು, ಅದು ಕೆಳಗೆ ನೀರು ತಾಗಿದೊಡನೆ ಉಬ್ಬಿ ಮೇಣದ ಹಾಗೆ ಗಟ್ಟಿಯಾಗುತ್ತದೆ. ಯಾವುದಕ್ಕೂ ಬಗ್ಗದಿದ್ದರೆ, ಆ ಪದರದಲ್ಲಿ ಗ್ಯಾಸ್ ಇಲ್ಲ ಅಂತ ಖಚಿತವಿದ್ದರೆ, ಬರೀ ನೀರು ಬಿಡುತ್ತಾ ಕೊರೆದು ದಾಟಿ ಕೇಸಿಂಗ್ ಇಳಿಸಿಬಿಡುತ್ತಾರೆ. ಕೇಸಿಂಗ್ ಕೂತಮೇಲೆ ಆ ಪದರದ ಕಾಟ ಮುಗಿಯಿತು.

ಫೋನ್ ಇಟ್ಟಿದ್ದು ಯಾಕೆ ಅಂದರೆ, ಆ ಹೊತ್ತಿನಲ್ಲಿ ಸಂದಿಗೆ ಮೇಲಿನಿಂದ ನೀರು ತುಂಬುತ್ತಾ ಒಂದೊಂದು ಬ್ಯಾರಲ್ ಎಣಿಸಬೇಕು. ಎಣಿಕೆ ತಪ್ಪಬಾರದು. ಬಾವಿ ಎಲ್ಲಿಗೆ ತುಂಬಿ ನಿಲ್ಲುತ್ತದೆ ಅಂತ ಗೊತ್ತಾದರೆ ಆ ಕಲ್ಲು ಎಷ್ಟು ಭಾರ ತಾಳುತ್ತದೆ ಅಂತ ಲೆಕ್ಕ ಸಿಗುತ್ತದೆ. ಕೆಳಗಿನಿಂದ ಏನೂ ಏಳುತ್ತಿಲ್ಲ ಅನ್ನುವ ಧೈರ್ಯವೂ ಬರುತ್ತದೆ. ನನ್ನ ಮನೆಯವರಿಗೂ ನಾನು ಹೀಗೆ ಎಷ್ಟೋ ಸಲ ಅರ್ಧ ಮಾತಿಗೇ ಫೋನ್ ಇಟ್ಟಿದ್ದೇನೆ. ಆ ರಾತ್ರಿಗಳು ಅವರಿಗೆ ಹೇಗಿದ್ದವು ಅಂತ ನಾನು ಕೇಳಿದ್ದು ನಿವೃತ್ತಿಯಾದ ಮೇಲೆ. ನಿಮ್ಮವರಿಗೆ ಈ ಪುಟ ಓದಿಸಿ. ಅವರ ಫೋನ್ ಬಂದಾಗ ‘ಬಾವಿ ತುಂಬಿ ನಿಂತಿತಾ?’ ಅಂತ ನೀವೇ ಕೇಳಿ. ‘ಹೂಂ, ನಿಂತಿದೆ’ ಅಂದರೆ ನೆಮ್ಮದಿಯಾಗಿ ಮಲಗಿ.